ಕುಣಿಯಲು ಕರೆಯುವವರು ಮೊದಲು ಹೆಸರು ಕೇಳಲಿ

ಆಗಸ್ಟ್ 29ಕ್ಕೆ ಮೂರು ಗುರುತುಗಳಿವೆ. ಹಾಕಿ ಮಾಂತ್ರಿಕ ಧ್ಯಾನ್ ಚಂದ್ ಹುಟ್ಟಿದ ದಿನವೆಂದು ದೇಶ ಅದನ್ನು ರಾಷ್ಟ್ರೀಯ ಕ್ರೀಡಾ ದಿನವಾಗಿ ಆಚರಿಸುತ್ತದೆ. ಗಿಡುಗು ವೆಂಕಟ ರಾಮಮೂರ್ತಿ ಪಂತುಲು 1863ರಲ್ಲಿ ಹುಟ್ಟಿದ ದಿನವೆಂದು ತೆಲುಗರು ಅದನ್ನು ತೆಲುಗು ಭಾಷಾ ದಿನ ಎನ್ನುತ್ತಾರೆ. 2025ರಲ್ಲಿ ಅದೇ ದಿನ ವಿಶಾಖಪಟ್ಟಣದಲ್ಲಿ ಪ್ರೊ ಕಬಡ್ಡಿ ಲೀಗಿನ 12ನೇ ಆವೃತ್ತಿ ಶುರುವಾಯಿತು. ಮೊದಲ ಪಂದ್ಯ ತೆಲುಗು ಟೈಟಾನ್ಸ್ ಮತ್ತು ತಮಿಳ್ ತಲೈವಾಸ್ ನಡುವೆ.

ಗಿಡುಗು ಅವರನ್ನು ಆಂಧ್ರ ನೆನೆಯುವುದು ಆಡುಮಾತಿನ ತೆಲುಗಿಗಾಗಿ ಪಂಡಿತರ ಎದುರು ನಿಂತವರೆಂದು. ಅವರ ಬದುಕಿಗೆ ಇನ್ನೊಂದು ಅರ್ಧವಿದೆ. ಪರ್ಲಾಕಿಮಿಡಿಯಲ್ಲಿ ಮೇಷ್ಟ್ರಾಗಿದ್ದ ಅವರು ಸುತ್ತಲಿನ ಬೆಟ್ಟಗಳ ಸವರ ಜನರಿಂದ ಸವರ ಭಾಷೆ ಕಲಿತರು. ಸವರ ಮಕ್ಕಳಿಗೆ ಅವರ ಮಾತಿನಲ್ಲೇ ಪಾಠ ಹೇಳುವ ಶಾಲೆಗಳಿಗಾಗಿ ದುಡಿದರು. 1931ರಲ್ಲಿ ಆ ಭಾಷೆಯ ವ್ಯಾಕರಣ ಬಂತು, 1938ರಲ್ಲಿ ನಿಘಂಟು. ಕಾಡು ಸುತ್ತಿ ಮಲೇರಿಯಾ ಹತ್ತಿಸಿಕೊಂಡು, ಕ್ವಿನೈನ್ ನುಂಗಿ ನುಂಗಿ ಅವರ ಕಿವಿ ಮಂದವಾಯಿತು. ಯಾರೂ ಕೇಳಿಸಿಕೊಳ್ಳದ ಭಾಷೆಯೊಂದನ್ನು ಕೇಳಿಸಿಕೊಳ್ಳಲು ಹೋಗಿ ಕಿವಿ ಕಳೆದುಕೊಂಡ ಮನುಷ್ಯನ ಹುಟ್ಟುಹಬ್ಬದ ಭಾಷಣಗಳಲ್ಲಿ ಸವರ ಭಾಷೆಗೆ ಸಿಗುವುದು ಒಂದು ವಾಕ್ಯ. ಕಬಡ್ಡಿಯ ಕಾಮೆಂಟರಿ ಭಾಷೆಗಳ ಪಟ್ಟಿಯಲ್ಲಿ ಅದೂ ಇಲ್ಲ.

ಈ ಲೇಖನದ ತಕರಾರು ಇಲ್ಲಿಂದಲೇ ಹೊರಡುತ್ತದೆ. ಕ್ರಿಕೆಟ್, ಕಬಡ್ಡಿ, ಹಾಕಿ ಎಂಬ ದುಡ್ಡಿನ ಆಟಗಳಲ್ಲಿ ಆದಿವಾಸಿ ಕಲೆಯನ್ನು 'ಸಂಭ್ರಮಿಸುವ' ಮಾತು ಈಗ ಜಗತ್ತಿನ ಎಲ್ಲೆಡೆ ಕೇಳುತ್ತಿದೆ. ವಿಶಾಖಪಟ್ಟಣದಂಥ ಊರಿಗೆ ಅದು ಸಹಜವಾಗಿ ಒಪ್ಪುತ್ತದೆ. ಒಂದು ಕಡೆ ಕಡಲು, ನೂರಹದಿನೈದು ಕಿಲೋಮೀಟರ್ ಆಚೆ ಅರಕು ಕಣಿವೆ. ಒಂದು ಕಡೆ ಅಂತರರಾಷ್ಟ್ರೀಯ ಕ್ರೀಡಾಂಗಣ, ಇನ್ನೊಂದು ಕಡೆ ಧಿಂಸಾ ಕುಣಿತ. ಎರಡನ್ನೂ ಕೂಡಿಸಿದರೆ ಒಳ್ಳೆಯ ಟೀವಿ ಚಿತ್ರ ಬರುತ್ತದೆ. ಆದರೆ ಕುಣಿಸಿದ ಮಾತ್ರಕ್ಕೆ ಗೌರವಿಸಿದಂತಾಗುವುದಿಲ್ಲ. ಅಲಂಕಾರಕ್ಕೂ ಆದರಕ್ಕೂ ನಡುವಿನ ಅಂತರವನ್ನು ಅಳೆಯಲು ಸುಲಭದ ಪ್ರಶ್ನೆಗಳಿವೆ. ಅವನ್ನು ಕೇಳದೆ ಯಾವ ಕ್ರೀಡಾಂಗಣವೂ ಆದಿವಾಸಿ ಡೋಲನ್ನು ಒಳಗೆ ಬಿಟ್ಟುಕೊಳ್ಳಬಾರದು.

ಕುಣಿತದಲ್ಲಿ ಇರುವುದು, ವೇದಿಕೆಯಲ್ಲಿ ಉಳಿಯುವುದು

ಧಿಂಸಾ ಎಂದರೆ ಹೊರಗಿನವರ ಕಣ್ಣಿಗೆ ಒಂದೇ ಚಿತ್ರ: ಒಂದೇ ಬಣ್ಣದ ಸೀರೆ ಗಿಡ್ಡವಾಗಿ ಉಟ್ಟ ಹೆಂಗಸರು ಬೆನ್ನ ಹಿಂದೆ ಕೈ ಕೈ ಹೆಣೆದು, ಸಾಲಾಗಿ ಬಾಗಿ, ಹಾವಿನಂತೆ ಸುತ್ತುವುದು. ಕಣಿವೆಯ ಬಗತ, ವಾಲ್ಮೀಕಿ, ಕೊಟಿಯಾ, ಖೊಂಡ್, ಪೋರ್ಜ ಮುಂತಾದ ಸಮುದಾಯಗಳಲ್ಲಿ ಅದು ಒಂದು ಕುಣಿತವಲ್ಲ, ಹಲವು. ಬೋಡ ಧಿಂಸಾ ಗ್ರಾಮದೇವತೆಗೆ ಸಲ್ಲುವ ಕುಣಿತ. ಪೊತರ್ ತೋಲ ಎಲೆ ಕೊಯ್ಯುವುದನ್ನು ಆಡಿ ತೋರಿಸುತ್ತದೆ. ಭಾಗ್ ಧಿಂಸಾದಲ್ಲಿ ಹುಲಿಯಿಂದ ತಪ್ಪಿಸಿಕೊಳ್ಳುವ ಆಟವಿದೆ. ಕುಂಡ ಧಿಂಸಾದಲ್ಲಿ ಕುಣಿಯುವವರು ಹೆಗಲಿನಿಂದ ಒಬ್ಬರನ್ನೊಬ್ಬರು ತಳ್ಳುತ್ತಾರೆ. ಚೈತ್ರದ ಬೇಟೆ ಹಬ್ಬಕ್ಕೆ ಬೇರೆ ಲಯ, ಮದುವೆಗೆ ಬೇರೆ ಲಯ. ತುಡುಮು, ಡಪ್ಪು, ಮೋರಿ, ಕಿರಿಡಿ, ಜೋಡುಕೊಮ್ಮುಗಳು ಜೊತೆಗಿರುತ್ತವೆ. ಒಂದು ಊರಿನವರು ಇನ್ನೊಂದು ಊರಿಗೆ ಹೋಗಿ ಕುಣಿದರೆ ಎರಡೂ ಊರಿನ ನೆಂಟಸ್ತಿಕೆ ಗಟ್ಟಿಯಾಗುತ್ತದೆ. ಕುಣಿತಕ್ಕೆ ಕಾಲವಿದೆ, ಕಾರಣವಿದೆ, ಜೊತೆಯವರಿದ್ದಾರೆ.

ಪ್ರವಾಸೋದ್ಯಮ ಅದರಿಂದ ಎತ್ತಿಕೊಂಡಿದ್ದು ಸಾಲು ಮತ್ತು ಸೀರೆಯನ್ನು. ವಿಶಾಖಪಟ್ಟಣದಿಂದ ಅರಕುವಿಗೆ ರೈಲಿನಲ್ಲಿ ಹೋಗಿ ಬರುವ ಪ್ಯಾಕೇಜುಗಳ ಪಟ್ಟಿಯಲ್ಲಿ ಬೊರ್ರಾ ಗುಹೆ, ಊಟ, ಮ್ಯೂಸಿಯಂಗಳ ನಡುವೆ 'ಧಿಂಸಾ ನೃತ್ಯ' ಒಂದು ಬಾಬತ್ತು. ಮಂತ್ರಿಗಳು ಬಂದರೆ ಸ್ವಾಗತಕ್ಕೆ ಧಿಂಸಾ, ಉತ್ಸವಕ್ಕೆ ಧಿಂಸಾ, ರೆಸಾರ್ಟಿನ ರಾತ್ರಿ ಬೆಂಕಿಯ ಸುತ್ತ ಧಿಂಸಾ. ಎಲ್ಲಿಯೂ ಯಾವ ಧಿಂಸಾ, ಯಾವ ಊರಿನ ತಂಡ, ಹಿರಿಯ ಕಲಾವಿದೆ ಯಾರು ಎಂದು ಹೇಳುವ ರೂಢಿ ಇಲ್ಲ. 'ಗಿರಿಜನ ಮಹಿಳೆಯರಿಂದ ಸಾಂಪ್ರದಾಯಿಕ ನೃತ್ಯ' ಎಂದರೆ ಮುಗಿಯಿತು. ಅದೇ ವೇದಿಕೆಯಲ್ಲಿ ಕೂಚಿಪುಡಿಯವರಿದ್ದರೆ ನರ್ತಕಿಯ ಹೆಸರು, ಗುರುವಿನ ಹೆಸರು, ಮೃದಂಗದವರ ಹೆಸರು, ಮಾಡುವ ಐಟಮ್ಮಿನ ಹೆಸರು ಎಲ್ಲ ಕೇಳಿಬರುತ್ತವೆ. ಒಂದು ಕಲೆಗೆ ಕಲಾವಿದರಿರುತ್ತಾರೆ, ಇನ್ನೊಂದಕ್ಕೆ ಬರೀ ಜನಾಂಗವಿರುತ್ತದೆ ಎಂಬ ತಾರತಮ್ಯ ಧ್ವನಿವರ್ಧಕದಲ್ಲೇ ಸಾಬೀತಾಗುತ್ತದೆ.

ಅರಕುವಿನ ಕಾಫಿಯನ್ನೇ ಹೋಲಿಸಿ ನೋಡಬಹುದು. 2019ರಲ್ಲಿ 'ಅರಕು ವ್ಯಾಲಿ ಅರೇಬಿಕಾ' ಭೌಗೋಳಿಕ ಗುರುತು ಪಡೆಯಿತು. ಬೇರೆ ಬೆಟ್ಟದ ಬೀಜಕ್ಕೆ ಆ ಹೆಸರು ಅಂಟಿಸಿದರೆ ಕೇಸು ಹಾಕಬಹುದು. ಅದೇ ಬೆಟ್ಟದ ಕುಣಿತವನ್ನು ಯಾರು ಬೇಕಾದರೂ, ಎಲ್ಲಿ ಬೇಕಾದರೂ, ಕಾಲೇಜು ಹುಡುಗಿಯರಿಗೆ ಬಾಡಿಗೆ ಸೀರೆ ಉಡಿಸಿ ಕುಣಿಸಬಹುದು. ಬೀಜಕ್ಕೆ ಸಿಕ್ಕ ಮರ್ಯಾದೆ ಬಿತ್ತಿದವರ ಹಾಡಿಗೆ ಸಿಕ್ಕಿಲ್ಲ.

ಮೂರು ಊರುಗಳ ಲೆಕ್ಕ

ಆಂಧ್ರದ ಆದಿವಾಸಿ ಸಂಸ್ಕೃತಿಯ ವ್ಯವಹಾರ ಮೂರು ಊರುಗಳ ನಡುವೆ ನಡೆಯುತ್ತದೆ. ಕಲೆ ಇರುವುದು ಪಾಡೇರು, ಅರಕುವಿನ ಬೆಟ್ಟಗಳಲ್ಲಿ. 2022ರ ಏಪ್ರಿಲ್ 4ರಿಂದ ಅದು ಅಲ್ಲೂರಿ ಸೀತಾರಾಮರಾಜು ಜಿಲ್ಲೆ. ಪ್ರದರ್ಶನ ವಿಶಾಖಪಟ್ಟಣದಲ್ಲಿ. ತೀರ್ಮಾನ ವಿಜಯವಾಡದ ಸುತ್ತಮುತ್ತ, ಕೃಷ್ಣಾ ದಂಡೆಯ ಸಚಿವಾಲಯದಲ್ಲಿ.

2024ರ ಆಗಸ್ಟ್ 9ರಂದು, ವಿಶ್ವ ಆದಿವಾಸಿ ದಿನದ ಕಾರ್ಯಕ್ರಮ ವಿಜಯವಾಡದ ತುಮ್ಮಲಪಲ್ಲಿ ಕಲಾಕ್ಷೇತ್ರದಲ್ಲಿ ನಡೆಯಿತು. ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಡೋಲು ಬಾರಿಸಿದರು, ಕಲಾವಿದರ ಜೊತೆ ಹೆಜ್ಜೆ ಹಾಕಿದರು. ಮರುವರ್ಷ ಅದೇ ದಿನ ಪಾಡೇರು ಬಳಿಯ ಲಗಿಸಪಲ್ಲಿಯಲ್ಲಿ ಮತ್ತೆ ಕುಣಿದರು. ಮುಖ್ಯಮಂತ್ರಿ ಕುಣಿಯುವುದರಲ್ಲಿ ತಪ್ಪೇನೂ ಇಲ್ಲ. ವಿಜಯವಾಡದ ಸಭಾಂಗಣ ಬಿಟ್ಟು ಬೆಟ್ಟಕ್ಕೆ ಬಂದದ್ದು ಮೇಲು. ಆ ಎರಡು ವರ್ಷ ಏಜೆನ್ಸಿಯ ಜನ ಕೇಳುತ್ತಿದ್ದದ್ದು ಏನು ಎಂಬುದು ಪ್ರಶ್ನೆ.

ಕೇಳುತ್ತಿದ್ದದ್ದು ಮೇಷ್ಟ್ರುಗಳ ವಿಷಯ. 2000ದ ಜನವರಿಯಲ್ಲಿ ಹೊರಬಂದ ಸರ್ಕಾರಿ ಆದೇಶ ಸಂಖ್ಯೆ 3ರ ಪ್ರಕಾರ ಅನುಸೂಚಿತ ಪ್ರದೇಶದ ಶಾಲೆಗಳ ಶಿಕ್ಷಕ ಹುದ್ದೆಗಳೆಲ್ಲ ಸ್ಥಳೀಯ ಆದಿವಾಸಿಗಳಿಗೆ ಮೀಸಲಾಗಿದ್ದವು. 2020ರ ಏಪ್ರಿಲ್ 22ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ಆದೇಶವನ್ನು ರದ್ದು ಮಾಡಿತು. ನೂರಕ್ಕೆ ನೂರು ಮೀಸಲಾತಿ ಸಂವಿಧಾನಕ್ಕೆ ಹೊಂದುವುದಿಲ್ಲ ಎಂಬುದು ಕೋರ್ಟಿನ ನಿಲುವು; ಅದರ ಮೇಲೆ ಕಾನೂನು ತಿಳಿದವರು ವಾದಿಸಲಿ. ತರಗತಿಯಲ್ಲಿ ಆಗುವುದನ್ನು ತಿಳಿಯಲು ಕಾನೂನು ಬೇಕಿಲ್ಲ. ಮನೆಯಲ್ಲಿ ಕುವಿ ಆಡುವ ಆರು ವರ್ಷದ ಮಗುವಿನ ಮುಂದೆ ಕುವಿ ಬಾರದ ಮೇಷ್ಟ್ರು ನಿಂತರೆ, ಮಗು ಮೊದಲು ಕಲಿಯುವುದು ಸುಮ್ಮನಿರುವುದನ್ನು. ಆ ಆದೇಶಕ್ಕೆ ಬದಲಿ ಬೇಕೆಂದು ಏಜೆನ್ಸಿಯಲ್ಲಿ ಬಂದ್‌ಗಳಾಗಿವೆ. ಆ ದನಿ ಡೋಲಿನಷ್ಟು ಸುಲಭವಾಗಿ ವಿಜಯವಾಡದ ವೇದಿಕೆ ಹತ್ತಲಿಲ್ಲ.

ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ಚಿತ್ರವಿದೆ. 2025ರ ಜೂನ್ 20ರಂದು, ಯೋಗ ದಿನದ ಹಿಂದಿನ ಸಂಜೆ, ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದ ಮೈದಾನದಲ್ಲಿ 20 ಸಾವಿರಕ್ಕೂ ಹೆಚ್ಚು ಆದಿವಾಸಿ ವಿದ್ಯಾರ್ಥಿಗಳು 108 ನಿಮಿಷಗಳಲ್ಲಿ 108 ಸೂರ್ಯನಮಸ್ಕಾರ ಮಾಡಿ ಗಿನ್ನೆಸ್ ದಾಖಲೆಗೆ ಸೇರಿದರು. ಮಕ್ಕಳ ಶಿಸ್ತು ನಿಜಕ್ಕೂ ದೊಡ್ಡದು. ಆದರೆ ದಾಖಲೆಯಲ್ಲಿ ಉಳಿದದ್ದು ಸಂಖ್ಯೆ. ಬೆಟ್ಟದಿಂದ ಬಂದ ಮಕ್ಕಳು ಬಯಲಿಗೆ ಎರಡು ರೂಪದಲ್ಲಿ ಕಾಣಿಸುತ್ತಾರೆ: ಸೀರೆಯ ಸಾಲಾಗಿ, ಇಲ್ಲವೇ ಸಾವಿರಗಳ ಲೆಕ್ಕವಾಗಿ. ಒಬ್ಬೊಬ್ಬರಾಗಿ ಕಾಣಿಸುವುದು ಅಪರೂಪ.

ಎದೆಯ ಮೇಲಿನ ಚಿತ್ರ

ಹಾಕಿಯ ಲೋಕ ಈ ದಾರಿಯಲ್ಲಿ ಮುಂದೆ ನಡೆದಿದೆ, ಎಡವಿಯೂ ಇದೆ. ಕೆನಡಾ, ಅಮೆರಿಕದ ಐಸ್ ಹಾಕಿ ತಂಡಗಳು ಈಚೆಗೆ ವರ್ಷಕ್ಕೊಂದು ರಾತ್ರಿಯನ್ನು ಮೂಲನಿವಾಸಿಗಳ ಕಲೆಗೆ ಮೀಸಲಿಡುತ್ತವೆ. ಡೋಲು, ಕುಣಿತ, ಕಲಾವಿದರು ಬಿಡಿಸಿದ ವಿಶೇಷ ಜೆರ್ಸಿ, ಪಂದ್ಯಕ್ಕೆ ಮೊದಲು 'ಈ ನೆಲ ಇಂಥವರದು' ಎಂಬ ಘೋಷಣೆ ಎಲ್ಲ ಇರುತ್ತವೆ.

ಅದರ ಹಿಂದೊಂದು ಕಥೆಯಿದೆ. ಫ್ರೆಡ್ ಸಾಸಕಮೂಸ್ ಕೆನಡಾದ ಸಸ್ಕಾಚೆವಾನಿನ ಕ್ರೀ ಸಮುದಾಯದವರು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತು ತಂದು ಅವರ ಭಾಷೆ ಮರೆಸುವ ವಸತಿ ಶಾಲೆಯಲ್ಲಿ ಬೆಳೆದರು, ಅಲ್ಲೇ ದೌರ್ಜನ್ಯ ಅನುಭವಿಸಿದರು, ಅಲ್ಲೇ ಹಾಕಿ ಕಲಿತರು. 1953–54ರಲ್ಲಿ ಶಿಕಾಗೊ ಬ್ಲ್ಯಾಕ್ ಹಾಕ್ಸ್ ಪರ 11 ಪಂದ್ಯ ಆಡಿದರು. ಆ ತಂಡದ ಜೆರ್ಸಿಯ ಎದೆಯ ಮೇಲೆ ಮೂಲನಿವಾಸಿಯೊಬ್ಬನ ತಲೆಯ ಚಿತ್ರವಿದೆ. ಚಿತ್ರ ದಶಕಗಳಿಂದ ಅಲ್ಲಿತ್ತು; ಆ ಚಿತ್ರದ ಜನರಲ್ಲಿ ಒಬ್ಬ ಅದನ್ನು ತೊಟ್ಟು ಆಡುವುದೇ ಸುದ್ದಿಯಾಯಿತು. ಚಿತ್ರಕ್ಕೆ ಜಾಗವಿದ್ದಷ್ಟು ಮನುಷ್ಯರಿಗೆ ಜಾಗವಿರಲಿಲ್ಲ. 2020ರಲ್ಲಿ ಆ ತಂಡ ಪ್ರೇಕ್ಷಕರು ಗರಿಯ ಕಿರೀಟ ತೊಟ್ಟು ಬರುವುದನ್ನು ನಿಷೇಧಿಸಿತು. ಎದೆಯ ಮೇಲಿನ ಚಿತ್ರವನ್ನು ಉಳಿಸಿಕೊಂಡಿತು.

ಆಸ್ಟ್ರೇಲಿಯಾದ ಪಾಠ ಇನ್ನೂ ಕಹಿ. ಅಲ್ಲಿನ ಫುಟ್‌ಬಾಲ್ ಲೀಗ್ ಪ್ರತಿವರ್ಷ ಒಂದು ಸುತ್ತಿನ ಪಂದ್ಯಗಳನ್ನು ಮೂಲನಿವಾಸಿಗಳ ಹೆಸರಲ್ಲಿ ಆಡಿಸುತ್ತದೆ. 2015ರ ಮೇ ತಿಂಗಳಲ್ಲಿ ಅಂಥದೇ ಸುತ್ತಿನ ಪಂದ್ಯದಲ್ಲಿ ಆಡಮ್ ಗುಡ್ಸ್ ಗೋಲು ಹೊಡೆದು, ಎದುರು ತಂಡದ ಅಭಿಮಾನಿಗಳ ಕಡೆ ತಿರುಗಿ ತಮ್ಮ ಜನರ ಯುದ್ಧಕುಣಿತದ ನಾಲ್ಕು ಹೆಜ್ಜೆ ಹಾಕಿದರು. ಅವರು ಸಾಮಾನ್ಯ ಆಟಗಾರರಲ್ಲ, 2014ರ 'ವರ್ಷದ ಆಸ್ಟ್ರೇಲಿಯನ್'. ಅದಕ್ಕೆ ಮೊದಲೇ ಅವರನ್ನು ಕೂಗಿ ಹೀಯಾಳಿಸುತ್ತಿದ್ದವರು ಆಮೇಲೆ ಊರೂರಿನ ಮೈದಾನದಲ್ಲಿ ಕೂಗತೊಡಗಿದರು. ಆ ವರ್ಷದ ಕೊನೆಗೆ ಅವರು ಆಟ ಬಿಟ್ಟರು. 2019ರಲ್ಲಿ ಲೀಗ್ ಕ್ಷಮೆ ಕೇಳಿತು. ಕರೆದಾಗ ಕುಣಿದರೆ ಸಂಸ್ಕೃತಿ, ತನಗೆ ಬೇಕಾದಾಗ ಕುಣಿದರೆ ಸೊಕ್ಕು ಎಂಬ ಲೆಕ್ಕವನ್ನು ಇದಕ್ಕಿಂತ ಬಿಚ್ಚಿ ತೋರಿಸಲು ಸಾಧ್ಯವಿಲ್ಲ.

ಭಾರತದ ಹಾಕಿಗೆ ಇಲ್ಲಿ ಒಂದು ಹೆಮ್ಮೆಯಿದೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ದೇಶಕ್ಕೆ ಮೊದಲ ಹಾಕಿ ಚಿನ್ನ ಬಂದಾಗ ತಂಡದ ನಾಯಕ ಜೈಪಾಲ್ ಸಿಂಗ್ ಮುಂಡಾ. ಮುಂದೆ ಸಂವಿಧಾನ ಸಭೆಯಲ್ಲಿ ಆದಿವಾಸಿಗಳ ದನಿಯಾದವರೂ ಅವರೇ. ಒಡಿಶಾದ ಸುಂದರ್‌ಗಢ ದಿಲೀಪ್ ತಿರ್ಕಿ, ಬೀರೇಂದ್ರ ಲಾಕ್ರಾ, ಸುನಿತಾ ಲಾಕ್ರಾ, ದೀಪ್ ಗ್ರೇಸ್ ಎಕ್ಕಾ ಅವರನ್ನು ಕೊಟ್ಟಿತು. ತಿರ್ಕಿ 2022ರಲ್ಲಿ ಹಾಕಿ ಇಂಡಿಯಾದ ಅಧ್ಯಕ್ಷರಾದರು. 2023ರ ಜನವರಿಯಲ್ಲಿ ರೂರ್ಕೆಲಾದಲ್ಲಿ ಬಿರ್ಸಾ ಮುಂಡಾ ಹೆಸರಿನ ಕ್ರೀಡಾಂಗಣ ತೆರೆಯಿತು. ಆ ಊರಿನ ಉಕ್ಕಿನ ಕಾರ್ಖಾನೆಗಾಗಿ 1950ರ ದಶಕದಲ್ಲಿ ಆದಿವಾಸಿಗಳು ನೆಲ ಬಿಟ್ಟರೆಂಬುದೂ ಅಷ್ಟೇ ನಿಜ, ಹಾಗಾಗಿ ಹೆಸರಿಟ್ಟ ಮಾತ್ರಕ್ಕೆ ಋಣ ತೀರಲಿಲ್ಲ. ಆದರೂ ಅಲ್ಲಿ ಆದಿವಾಸಿಗಳು ಪಂದ್ಯಕ್ಕೆ ಮುಂಚಿನ ಹತ್ತು ನಿಮಿಷವಲ್ಲ, ಪಂದ್ಯವೇ ಆಗಿದ್ದಾರೆ. ಕ್ರಿಕೆಟ್ಟಿನಲ್ಲಿ ನೋಡಿದರೆ, 2008ರಲ್ಲಿ ಶುರುವಾದ ಐಪಿಎಲ್‌ಗೆ ಗುಮ್ಲಾದ ರಾಬಿನ್ ಮಿಂಜ್ ಆಯ್ಕೆಯಾಗಿ ಪತ್ರಿಕೆಗಳು 'ಮೊದಲ ಆದಿವಾಸಿ ಆಟಗಾರ' ಎಂದು ಬರೆದದ್ದು 2023ರ ಡಿಸೆಂಬರಿನಲ್ಲಿ.

ಕರ್ನಾಟಕ ಬೆರಳು ತೋರಿಸುವ ಮುಂಚೆ

ಪಕ್ಕದ ರಾಜ್ಯದ ಹುಳುಕು ಓದಿ ಕನ್ನಡಿಗರು ಆರಾಮಾಗಿ ಕೂರುವ ಹಾಗಿಲ್ಲ. ಆಟದ ಕಣದಲ್ಲಿ ಆದಿವಾಸಿಗಳನ್ನು ಹೇಗೆ ನಡೆಸಿಕೊಳ್ಳಬಾರದು ಎಂದು ಕಾನೂನಿನಲ್ಲೇ ಬರೆಯಬೇಕಾಗಿ ಬಂದ ರಾಜ್ಯ ಕರ್ನಾಟಕ. 2000ನೇ ಇಸವಿಯ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ ಅಜಲು ಎಂದರೇನು ಎಂದು ವಿವರಿಸುತ್ತದೆ: ಕೊರಗರನ್ನು ಕೀಳು ಮನುಷ್ಯರೆಂದು ಕಾಣುವುದು, ಕೂದಲು ಉಗುರು ಬೆರೆಸಿದ ಅನ್ನ ತಿನ್ನಲು ಹೇಳುವುದು, ಕಂಬಳ ಶುರುವಾಗುವ ಮುಂಚೆ ಅವರನ್ನು ಕೋಣಗಳಂತೆ ಓಡಿಸುವುದು. ಡೋಲು ಬಾರಿಸುವ ಅದೇ ಕೊರಗರು ಕರಾವಳಿಯ ಉತ್ಸವಗಳಿಗೆ ಶತಮಾನಗಳಿಂದ ಬೇಕಾದವರು. ಅವರ ಡೋಲಿನ ಸದ್ದು ಶುಭ, ಅವರ ನೆರಳು ಅಶುಭ. ಕಂಬಳ ಈಗ ಪ್ರಾಯೋಜಕರಿರುವ ಆಟ. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂತು. ಗೆದ್ದ ಕೋಣಗಳ ಹೆಸರು, ಯಜಮಾನರ ಮನೆತನದ ಹೆಸರು, ಓಡಿಸಿದವರ ಹೆಸರು ಮೈಕಿನಲ್ಲಿ ಮೊಳಗುತ್ತವೆ. ಹಿಂದೆ ಆ ಗದ್ದೆಯಲ್ಲಿ ಕೋಣಗಳಿಗಿಂತ ಮೊದಲು ಓಡಿದವರ ಹೆಸರು ಯಾವ ಮೈಕಿಗೂ ಗೊತ್ತಿಲ್ಲ.

ಉತ್ತರ ಕನ್ನಡದ ಸಿದ್ದಿಗಳ ಕಥೆ ಬೇರೆ ಬಗೆಯದು. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಹುಡುಗ ಹುಡುಗಿಯರನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿಗೆ ಕರೆದೊಯ್ಯಿತು. ಆಫ್ರಿಕಾ ಮೂಲದವರು, ಓಡುವುದು ರಕ್ತದಲ್ಲೇ ಇರಬೇಕು ಎಂಬ ಊಹೆಯೇ ಆ ಯೋಜನೆಯ ಬಂಡವಾಳ. ಪದಕಗಳೂ ಬಂದವು. 1990ರ ದಶಕದ ಮೊದಲ ವರ್ಷಗಳಲ್ಲೇ ಯೋಜನೆ ನಿಂತುಹೋಯಿತು, ಮಕ್ಕಳು ಕಾಡಿಗೆ ಮರಳಿದರು. ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ದೇಶಕ್ಕೆ ಅವರ ಕಾಲುಗಳು ಕಂಡ ಎಷ್ಟೋ ವರ್ಷಗಳ ಮೇಲೆ. ಇವತ್ತು ಸಿದ್ದಿಗಳ ಡಮಾಮಿ ಕುಣಿತವಿಲ್ಲದೆ ಸರ್ಕಾರಿ ಮೆರವಣಿಗೆ ಹೊರಡುವುದಿಲ್ಲ.

ತಕರಾರಿಗೆ ತಕರಾರು

ಇಷ್ಟು ಓದಿದವರಿಗೆ ಮೂರು ಆಕ್ಷೇಪಗಳು ಹೊಳೆಯುತ್ತವೆ. ಮೂರಕ್ಕೂ ತೂಕವಿದೆ.

ಮೊದಲನೆಯದು, ಏನೂ ಇಲ್ಲದಿರುವುದಕ್ಕಿಂತ ಇಷ್ಟಾದರೂ ಸಿಗುವುದು ವಾಸಿ ಎಂಬುದು. ಕ್ರೀಡಾಂಗಣದಲ್ಲಿ ಕುಣಿದರೆ ಕೂಲಿಯಾದರೂ ಬರುತ್ತದೆ, ಲಕ್ಷಾಂತರ ಜನ ನೋಡುತ್ತಾರೆ. ನಿಜ, ಕೂಲಿ ಬೇಕು. ಆದ್ದರಿಂದಲೇ ಎಷ್ಟು ಕೂಲಿ, ಯಾರ ಕೈಗೆ, ಯಾವತ್ತು ಎಂದು ಕೇಳಬೇಕು. ಟೀವಿಯಲ್ಲಿ ಬರುವ ಚೆಂಡು, ಹೆಲ್ಮೆಟ್, ಬೌಂಡರಿ ಹಗ್ಗ ಎಲ್ಲಕ್ಕೂ ಸೆಕೆಂಡಿನ ಲೆಕ್ಕದಲ್ಲಿ ಬೆಲೆ ಕಟ್ಟುವ ಉದ್ಯಮವಿದು. ಅಲ್ಲಿ ಕುಣಿತವನ್ನು ಮಾತ್ರ ಬಸ್ ಚಾರ್ಜು, ಊಟದ ಪೊಟ್ಟಣದ ಲೆಕ್ಕದಲ್ಲಿ ಅಳೆದರೆ ಅದಕ್ಕೆ ಅವಕಾಶ ಎಂಬ ಹೆಸರು ಸಲ್ಲದು.

ಎರಡನೆಯದು, ಕಲೆಯನ್ನು ಕಾಡಿನಲ್ಲೇ ಇಡಬೇಕೆನ್ನುವುದು ಮಡಿವಂತಿಕೆ ಎಂಬುದು. ಯಕ್ಷಗಾನ ಬೆಂಗಳೂರಿಗೆ ಬಂತು, ಡೊಳ್ಳು ವಿದೇಶಕ್ಕೆ ಹೋಯಿತು, ಧಿಂಸಾ ಏಕೆ ಹೋಗಬಾರದು? ಖಂಡಿತ ಹೋಗಲಿ. ಅರಕುವಿನ ಹುಡುಗಿಗೆ ಧಿಂಸಾವನ್ನು ಗಿಟಾರಿನ ಜೊತೆ ಕುಣಿಯಬೇಕೆನಿಸಿದರೆ ಅದೂ ಅವಳ ಹಕ್ಕು. ಬದಲಾವಣೆ ಯಾರ ಮರ್ಜಿಯಿಂದ ಎಂಬುದೇ ಇಲ್ಲಿನ ಜಗಳ. ಯಕ್ಷಗಾನದ ಮೇಳಗಳು ತಮ್ಮ ಪ್ರಸಂಗ ತಾವೇ ಆರಿಸುತ್ತವೆ, ವೀಳ್ಯ ತಾವೇ ಹೇಳುತ್ತವೆ. ಗ್ರಾಮದೇವತೆಯ ಬೋಡ ಧಿಂಸಾವನ್ನು ಟಾಸ್ ಮತ್ತು ಮೊದಲ ಓವರಿನ ನಡುವೆ ಕುಣಿಯಬಹುದೇ ಬೇಡವೇ ಎಂಬುದನ್ನು ಇವೆಂಟ್ ಮ್ಯಾನೇಜರ್ ತೀರ್ಮಾನಿಸುವುದಾದರೆ, ಅದು ಎರವಲಲ್ಲ, ಕಸಿದುಕೊಳ್ಳುವುದು.

ಮೂರನೆಯದು, ಆಟದಲ್ಲಿ ರಾಜಕೀಯ ತರಬೇಡಿ ಎಂಬುದು. ಪೋಲವರಂ ಅಣೆಕಟ್ಟಿನಿಂದ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳು ಎತ್ತಂಗಡಿಯಾಗುತ್ತವೆ, ಅವರಲ್ಲಿ ಕೊಂಡರೆಡ್ಡಿಗಳು, ಕೋಯರು ಬಹಳ. ಅದಕ್ಕೂ ಕ್ರಿಕೆಟ್ಟಿಗೂ ಏನು ಸಂಬಂಧ? ಸಂಬಂಧ ತಂದವರು ಕಲೆಯನ್ನು ಮೈದಾನಕ್ಕೆ ಕರೆದವರು. ಕೊಂಡರೆಡ್ಡಿಯ ಕೊಂಬಿನ ಕುಣಿತ ಬೇಕು, ಆ ಕುಣಿತದ ಕಾಡು ನೀರಲ್ಲಿ ಮುಳುಗುವ ಸುದ್ದಿ ಬೇಡ ಎನ್ನುವುದೂ ರಾಜಕೀಯವೇ. ಮೈದಾನದಲ್ಲಿ ಯಾರೂ ಪೋಲವರಂ ಭಾಷಣ ಮಾಡಬೇಕಿಲ್ಲ. ಕುಣಿಯುವವರು ಎಲ್ಲಿಂದ ಬಂದರು, ಅವರ ಊರು ಈಗಲೂ ಅಲ್ಲೇ ಇದೆಯೇ ಎಂದು ಒಂದು ಸಾಲು ಹೇಳಿದರೆ ಸಾಕು.

ಕೋಣೆಯೊಳಗೆ ಯಾರಿದ್ದಾರೆ

ಬದಲಾವಣೆ ಕಷ್ಟವಲ್ಲ ಎಂಬುದಕ್ಕೆ ವಿಶಾಖಪಟ್ಟಣವೇ ಸಾಕ್ಷಿ. 2025ರ ಆಗಸ್ಟಿನಲ್ಲಿ ಮಂತ್ರಿ ನಾರಾ ಲೋಕೇಶ್ ಜೊತೆಗಿನ ಮಾತುಕತೆಯಲ್ಲಿ ಸ್ಮೃತಿ ಮಂಧಾನಾ, ಕ್ರೀಡಾಂಗಣಗಳ ಸ್ಟ್ಯಾಂಡುಗಳಿಗೆ ಮಹಿಳಾ ಆಟಗಾರ್ತಿಯರ ಹೆಸರು ಏಕಿಲ್ಲ ಎಂಬ ವಿಷಯ ಎತ್ತಿದರು. ಅಕ್ಟೋಬರ್ 12ರಂದು, ಭಾರತ–ಆಸ್ಟ್ರೇಲಿಯಾ ವಿಶ್ವಕಪ್ ಪಂದ್ಯದ ದಿನ, ಮಧುರವಾಡದ ಕ್ರೀಡಾಂಗಣದಲ್ಲಿ ಮಿಥಾಲಿ ರಾಜ್ ಅವರ ಹೆಸರು, ಆಂಧ್ರದವರೇ ಆದ ರಾವಿ ಕಲ್ಪನಾ ಅವರ ಹೆಸರು ಮೇಲೇರಿದವು. ಎರಡು ತಿಂಗಳ ಕೆಲಸ. ಬೇಕಿದ್ದದ್ದು ಕೋಣೆಯೊಳಗೆ ಒಬ್ಬರು ಇದ್ದು ಕೇಳುವುದು.

ಅದೇ ಕೋಣೆಯಲ್ಲಿ ಪಾಡೇರಿನವರೊಬ್ಬರು ಇದ್ದಿದ್ದರೆ ಏನು ಕೇಳುತ್ತಿದ್ದರು? ಬಹುಶಃ ಗಾಂ ಮಲ್ಲುದೊರ ಅವರ ಹೆಸರನ್ನು. 1922–24ರ ಮನ್ಯಂ ದಂಗೆಯಲ್ಲಿ ಅಲ್ಲೂರಿ ಸೀತಾರಾಮರಾಜು ಅವರ ಬಲಗೈ ಎನಿಸಿದ ಗಾಂ ಸೋದರರಲ್ಲಿ ಒಬ್ಬರು ಅವರು. ಅಂಡಮಾನಿನ ಶಿಕ್ಷೆ ಅನುಭವಿಸಿ ಬಂದು, 1952ರ ಮೊದಲ ಲೋಕಸಭೆಗೆ ವಿಶಾಖಪಟ್ಟಣ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದರು. ಅಲ್ಲೂರಿ ಹೆಸರಲ್ಲಿ ಜಿಲ್ಲೆಯಿದೆ, ಭೋಗಾಪುರಂ ವಿಮಾನ ನಿಲ್ದಾಣಕ್ಕೂ ಅದೇ ಹೆಸರು. ಅವರ ಜೊತೆ ಬಿಲ್ಲು ಹಿಡಿದ ಆದಿವಾಸಿಗಳ ಹೆಸರು ಊರಿನ ದೊಡ್ಡ ಕ್ರೀಡಾಂಗಣದ ಒಂದು ಗೇಟಿಗೂ ಇಲ್ಲ.

ಕೇಳಬೇಕಾದ ಪ್ರಶ್ನೆಗಳು ಇವು. ಕುಣಿಯುವ ತಂಡದ, ಊರಿನ, ಹಿರಿಯ ಕಲಾವಿದರ ಹೆಸರು ಪರದೆಯ ಮೇಲೆ ಬರುತ್ತದೆಯೇ? ಸಂಭಾವನೆ ಬರವಣಿಗೆಯಲ್ಲಿ ಇದೆಯೇ, ದಲ್ಲಾಳಿ ಇಲ್ಲದೆ ಕಲಾವಿದರ ಖಾತೆಗೆ ಬೀಳುತ್ತದೆಯೇ? ಏನನ್ನು ಕುಣಿಯಬೇಕು, ಏನನ್ನು ಕುಣಿಯಬಾರದು ಎಂಬುದನ್ನು ಅವರೇ ಹೇಳುತ್ತಾರೆಯೇ? ಕುಣಿದು ಮುಗಿದ ಮೇಲೆ ಕೂತು ಪಂದ್ಯ ನೋಡಲು ಅವರಿಗೆ ಸೀಟಿದೆಯೇ, ಇಲ್ಲಾ ಹಿಂದಿನ ಗೇಟಿನಿಂ‌ದ ವ್ಯಾನು ಹತ್ತುತ್ತಾರೆಯೇ? ಮೈಕಿನಲ್ಲಿ ಅವರ ಭಾಷೆ ಕೇಳುತ್ತದೆಯೇ?

ಕೊನೆಯ ಪ್ರಶ್ನೆಗೆ 'ಅದೆಲ್ಲ ಆಗದ ಮಾತು' ಎಂಬ ಉತ್ತರ ಸಿದ್ಧವಿರುತ್ತದೆ. ಆಗದ್ದೇನೂ ಇಲ್ಲ. ಐಪಿಎಲ್ ಈಗ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ, ಭೋಜ್‌ಪುರಿ, ಹರಿಯಾಣವಿಗಳಲ್ಲೂ ಕೇಳಿಸುತ್ತದೆ. 2004ರ ಸುಮಾರಿಗೆ ಅವಿಭಜಿತ ಆಂಧ್ರ ಸರ್ಕಾರವೇ ಸವರ, ಕುವಿ, ಕೊಂಡ, ಕೋಯ ಸೇರಿ ಎಂಟು ಭಾಷೆಗಳಲ್ಲಿ ತೆಲುಗು ಲಿಪಿ ಬಳಸಿ ಶಾಲಾಪುಸ್ತಕ ಮಾಡಿಸಿತ್ತು. ಕೊಂಡ ಭಾಷೆಯ ವ್ಯಾಕರಣವನ್ನು ಭದ್ರಿರಾಜು ಕೃಷ್ಣಮೂರ್ತಿ ಅರಕು ಕಣಿವೆಯಲ್ಲಿ ಕೂತು ಕೇಳಿ ಬರೆದು 1969ರಲ್ಲಿ ಪ್ರಕಟಿಸಿದರು. ಕೊಂಡ, ಕುವಿಗಳು ಕನ್ನಡದ ದೂರದ ಅಕ್ಕತಂಗಿಯರು, ಒಂದೇ ದ್ರಾವಿಡ ಮನೆತನದ ಮಕ್ಕಳು. ಅವರು ಎರಡು, ಮೂರು, ನಾಲ್ಕು ಎಣಿಸುವಾಗ ಕನ್ನಡದ ಕಿವಿಗೆ ಪೂರ್ತಿ ಹೊರಗಿನ ಸದ್ದು ಎನಿಸುವುದಿಲ್ಲ. ಸ್ಕೋರು ಹೇಳಲು ಅಷ್ಟು ಅಂಕಿ ಸಾಕು. ವಿಶಾಖಪಟ್ಟಣದ ಒಂದು ಪಂದ್ಯದಲ್ಲಿ ಒಂದು ಓವರಿನ ಸ್ಕೋರನ್ನು ಕುವಿಯಲ್ಲಿ ಹೇಳಿದರೆ, ಪಾಡೇರಿನ ಹಾಸ್ಟೆಲಿನಲ್ಲಿ ಮೊಬೈಲು ಹಿಡಿದು ಕೂತ ಮಗುವಿಗೆ ತನ್ನ ಮಾತು ಮನೆಯ ಹೊರಗೂ ಬದುಕುತ್ತದೆ ಎಂದು ಮೊದಲ ಸಲ ಗೊತ್ತಾಗುತ್ತದೆ. ನೂರು ಸೀರೆಗಳ ಸಾಲಿನಿಂದ ಆಗದ ಕೆಲಸ ಅದು.

ಇನ್ನು ಆಟ. 2025ರ ನವೆಂಬರ್ 23ರಂದು ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ಪನ್ನು ಭಾರತ ಗೆದ್ದಿತು. ನೇಪಾಳದ ಎದುರಿನ ಫೈನಲ್‌ನಲ್ಲಿ ಒಡಿಶಾದ ಫೂಲಾ ಸರೆನ್ ಅಜೇಯ 44 ರನ್ ಹೊಡೆದರು. ತಂಡದಲ್ಲಿ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯ ಆದಿವಾಸಿ ಹುಡುಗಿ ಪಂಗಿ ಕರುಣಾ ಕುಮಾರಿ ಇದ್ದರು. ನಾಯಕಿ ಟಿ.ಸಿ. ದೀಪಿಕಾ ಆಂಧ್ರದ ಗಡಿಯ ಮಡಕಶಿರಾ ಭಾಗದವರು, ಆಡುವುದು ಕರ್ನಾಟಕಕ್ಕೆ. ಗೆದ್ದು ಬಂದ ತಂಡ ಡಿಸೆಂಬರಿನಲ್ಲಿ ಉಪಮುಖ್ಯಮಂತ್ರಿ ಪವನ್ ಕಲ್ಯಾಣ್ ಅವರನ್ನು ಭೇಟಿಯಾದಾಗ ದೀಪಿಕಾ ತಮ್ಮ ಊರಿಗೆ ರಸ್ತೆ ಕೇಳಿದರು. ರಸ್ತೆ ಮಂಜೂರಾಯಿತು.

ಗರ್ಭಿಣಿಯರನ್ನು, ಕಾಯಿಲೆಯವರನ್ನು ಡೋಲಿಯಲ್ಲಿ ಹೊತ್ತು ಬೆಟ್ಟ ಇಳಿಯುವ ಊರುಗಳು ಕರುಣಾ ಅವರ ಜಿಲ್ಲೆಯಲ್ಲಿ ಇನ್ನೂ ಇವೆ. 2025ರ ಏಪ್ರಿಲಿನಲ್ಲಿ ಸಾವಿರ ಕೋಟಿ ರೂಪಾಯಿಯ 'ಅಡವಿ ತಲ್ಲಿ ಬಾಟ' ರಸ್ತೆ ಯೋಜನೆಯನ್ನು ಇದೇ ಸರ್ಕಾರ ಶುರು ಮಾಡಿದೆ. ಅದು ಡೋಲು ಬಾರಿಸಿದ್ದಕ್ಕಿಂತ ದೊಡ್ಡ ಗೌರವ. ಆ ರಸ್ತೆಯಲ್ಲಿ ಇಳಿದು ಬರುವವರು ಕ್ರೀಡಾಂಗಣದ ಯಾವ ಗೇಟಿನಿಂದ ಒಳಗೆ ಹೋಗುತ್ತಾರೆ, ಆಟಗಾರರ ಗೇಟಿನಿಂದಲೋ ಕಲಾತಂಡದ ಗೇಟಿನಿಂದಲೋ ಎಂಬುದನ್ನು ನಿರ್ಧರಿಸುವುದು ಮಾತ್ರ ಸಂಘಟಕರ ಕೈಯಲ್ಲಿದೆ. ಎರಡೂ ಗೇಟು ತೆರೆದಿರಲಿ. ಯಾವುದರಿಂದ ಬಂದರೂ ಮೊದಲು ಹೆಸರು ಕೇಳಿ, ಸರಿಯಾಗಿ ಉಚ್ಚರಿಸಲು ಕಲಿತು, ಆಮೇಲೆ ಡೋಲು ಬಾರಿಸಲಿ.